ಎತ್ತರ-ತೂಕದ ಪಟ್ಟಿ: ಒಂದು ಆಧಾರ ವಿಮರ್ಶೆ

ಶಿಲಾಶಾಸನವೊಂದು ದೊರೆತಾಗ ಅದನ್ನು ಬರೆಯಿಸಿದವರಾರು, ಯಾವ ಸಂದರ್ಭದಲ್ಲಿ, ಯಾರ ಪ್ರಯೋಜನಕ್ಕಾಗಿ ಎಂಬುದನ್ನು ವಿಚಾರಿಸದೆ ಅದರ ಮಾತನ್ನು ನಾವು ಪ್ರಮಾಣವೆಂದು ಸ್ವೀಕರಿಸುವುದಿಲ್ಲ. ವೈದ್ಯಶಾಲೆಯ ಗೋಡೆಯ ಮೇಲಿನ ಎತ್ತರ-ತೂಕದ ಪಟ್ಟಿಯನ್ನು ಈ ಪರೀಕ್ಷೆಗೆ ಒಡ್ಡುವವರಾದರೋ ನಮ್ಮಲ್ಲಿ ವಿರಳ. ಸ್ಥೂಲಕಾಯರು ಅದರ ಬಲದಿಂದಲೇ ಚಿಕಿತ್ಸೆಯಲ್ಲಿ ಅನಾದರವನ್ನೂ ಉದ್ಯೋಗದಲ್ಲಿ ತಾರತಮ್ಯವನ್ನೂ ಅನುಭವಿಸುತ್ತಿರುವುದರಿಂದ ಪಟ್ಟಿಯನ್ನೂ ಒಂದು ದಾಖಲೆಯೆಂದೇ ಭಾವಿಸಿ ಓದುವುದು ಯುಕ್ತವೆಂದು ನಮಗೆ ತೋರಿದೆ.

ಇಂತಹ ಪಟ್ಟಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ವೈದ್ಯಕೀಯ ಸಂಸ್ಥೆಯಿಂದ ಹೊರಟುದಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಜೀವವಿಮಾ ಕಂಪೆನಿಯು 1942ರಲ್ಲಿ ಸ್ತ್ರೀಯರಿಗೂ 1943ರಲ್ಲಿ ಪುರುಷರಿಗೂ ‘ಆದರ್ಶ ತೂಕ’ಗಳನ್ನು ಪ್ರಕಟಿಸಿತು. ಅಲ್ಲಿನ ಸಂಖ್ಯಾಶಾಸ್ತ್ರಜ್ಞ ಲೂಯಿ ಡಬ್ಲಿನ್ ಈ ಕಾರ್ಯದ ಪ್ರೇರಕ. ಯಾವ ತೂಕದವರು ಹೆಚ್ಚು ಕಾಲ ಬದುಕಿ ಕಂತು ಕಟ್ಟುವರೆಂಬುದು ಕಂಪೆನಿಯ ಪ್ರಶ್ನೆ. ವಿಮೆ ಕೊಳ್ಳಲು ಶಕ್ತರಾದವರು, ಎಂದರೆ ಬಹುಮಟ್ಟಿಗೆ ಬಿಳಿಯರು, ಅದಕ್ಕೆ ಸಾಮಗ್ರಿ. ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಮೈಕಟ್ಟುಗಳನ್ನು ಪಟ್ಟಿಯು ಹೇಳಿತಾದರೂ ಒಬ್ಬರದು ಯಾವ ಮೈಕಟ್ಟೆಂದು ಅಳೆದು ತಿಳಿಯುವ ಬಗೆಯನ್ನು ಹೇಳಲಿಲ್ಲ. 1959ರ ಪರಿಷ್ಕರಣದಲ್ಲಿ ‘ಆದರ್ಶ’ವು ‘ಅಪೇಕ್ಷಣೀಯ’ವಾಯಿತು. ಅದಕ್ಕೆ ಆಧಾರವಾದ ಅಧ್ಯಯನದಲ್ಲಿ 26 ಕಂಪೆನಿಗಳ ಸುಮಾರು 49 ಲಕ್ಷ ಪಾಲಿಸಿಗಳಿದ್ದವು. ಎಣಿಸಿದ್ದು ಪಾಲಿಸಿಗಳನ್ನು, ಮನುಷ್ಯರನ್ನಲ್ಲ. ನಾಲ್ಕು ಪಾಲಿಸಿ ಹೊಂದಿದವನು ಲೆಕ್ಕದಲ್ಲಿ ನಾಲ್ವರಾಗಬಹುದು. ಮೇಲಾಗಿ ಸ್ತ್ರೀಯರ ಎತ್ತರಕ್ಕೆ ಎರಡಂಗುಲದ ಹಿಮ್ಮಡಿಯ ಪಾದರಕ್ಷೆಯೂ ಸೇರಿತ್ತು. ಚಪ್ಪಲಿ ಕಳಚಿ ತೂಕದ ಯಂತ್ರವನ್ನೇರುವ ನಮ್ಮವರಿಗೆ ಇದನ್ನು ತಿಳಿಸುವವರಾರು?

ವಿಮೆಯ ಕಚೇರಿಗಾಗಿ ಹುಟ್ಟಿದ ಈ ಪಟ್ಟಿ ಉದ್ಯೋಗಕ್ಷೇತ್ರಕ್ಕೆ ಕಾಲಿಟ್ಟಾಗ ನಡೆದುದನ್ನು ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಮೊಕದ್ದಮೆಯಲ್ಲಿ ಕಾಣಬಹುದು. 1980ರಿಂದ 1994ರವರೆಗೆ ಆ ಸಂಸ್ಥೆಯು ವಿಮಾನ ಪರಿಚಾರಕರ ತೂಕದ ಮಿತಿಯನ್ನು ಮೆಟ್ರೊಪಾಲಿಟನ್ ಪಟ್ಟಿಯಿಂದಲೇ ಗೊತ್ತುಮಾಡಿತ್ತು. ಪುರುಷರಿಗೆ ಅನ್ವಯಿಸಿದ್ದು ದೊಡ್ಡ ಮೈಕಟ್ಟಿನ ಅಂಕಣ, ಸ್ತ್ರೀಯರಿಗೆ ಮಧ್ಯಮದ್ದು. ಐದು ಅಡಿ ಏಳು ಅಂಗುಲ ಎತ್ತರದ, ಮೂವತ್ತು ವಯಸ್ಸಿನ ಪುರುಷನು 161 ಪೌಂಡ್ ತೂಗಬಹುದಾಗಿತ್ತು; ಅದೇ ಎತ್ತರದ, ಅದೇ ವಯಸ್ಸಿನ ಸ್ತ್ರೀಗೆ ಮಿತಿ 142. ಅಳೆಯುವ ಬಗೆಯನ್ನು ಹೇಳದೆ ಬಿಟ್ಟ ಮೈಕಟ್ಟು ಹೀಗೆ ಯಜಮಾನನ ಕೈಯ ಆಯುಧವಾಯಿತು. ಇದು ಲಿಂಗತಾರತಮ್ಯವೆಂದು ಮೇಲ್ಮನವಿ ನ್ಯಾಯಾಲಯವು 2000ದಲ್ಲಿ ತೀರ್ಮಾನಿಸಿತು. ತೀರ್ಪು ಸ್ವಾಗತಾರ್ಹವೇ. ಆದರೂ ಎರಡು ಅಂಕಣಗಳ ಬಳಕೆಯೇ ಅಲ್ಲಿ ದೋಷವೆನಿಸಿತಲ್ಲದೆ ತೂಕ ನೋಡಿ ಕೆಲಸ ಕೊಡುವ ಪದ್ಧತಿಯಲ್ಲ ಎಂಬುದನ್ನು ಮರೆಯಲಾಗದು.

ನಮ್ಮ ದೇಶದಲ್ಲಿ ಇಷ್ಟು ಪರಿಹಾರವೂ ದೊರೆಯಲಿಲ್ಲ. ತೂಕ ಹೆಚ್ಚಾಯಿತೆಂದು ಹಾರಾಟದಿಂದ ತಡೆಯಲ್ಪಟ್ಟ ಗಗನಸಖಿಯರ ಅರ್ಜಿಯನ್ನು ದಿಲ್ಲಿಯ ಉಚ್ಚ ನ್ಯಾಯಾಲಯವು 2008ರಲ್ಲಿ ತಳ್ಳಿಹಾಕಿತು. ಆಗ ಸರ್ಕಾರದ ಸ್ವಾಮ್ಯದಲ್ಲಿದ್ದ ಏರ್ ಇಂಡಿಯಾ 2009ರ ಜನವರಿಯಲ್ಲಿ ಇದೇ ಕಾರಣದಿಂದ ಕೆಲವರನ್ನು ಕೆಲಸದಿಂದ ತೆಗೆಯಿತು.

ಇಂದು ಪಟ್ಟಿಯ ಸ್ಥಾನವನ್ನು ಬಿ.ಎಂ.ಐ. ಆಕ್ರಮಿಸಿದೆ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರದ ಬೀಜ ಬೆಲ್ಜಿಯಂನ ಖಗೋಳಜ್ಞ ಕೆಟ್ಲೆಯ 1835ರ ಗ್ರಂಥದಲ್ಲಿದೆ. ಅವನು ಅರಸಿದ್ದು ಸರಾಸರಿ ಮನುಷ್ಯನನ್ನು, ರೋಗಿಯನ್ನಲ್ಲ. ಆನ್ಸೆಲ್ ಕೀಸ್ 1972ರಲ್ಲಿ ಅದಕ್ಕೆ ಈಗಿನ ಹೆಸರಿಟ್ಟಾಗ ಪರಿಶೀಲಿಸಿದ ಏಳು ಸಾವಿರಕ್ಕೂ ಮೇಲ್ಪಟ್ಟ ವ್ಯಕ್ತಿಗಳಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಅಮೆರಿಕದಲ್ಲಿ 1998ರಲ್ಲಿ ಪುರುಷರ 27.8, ಸ್ತ್ರೀಯರ 27.3 ಎಂಬ ಮಿತಿಗಳನ್ನು 25ಕ್ಕೆ ಇಳಿಸಿದಾಗ ಎರಡು ಕೋಟಿಗೂ ಹೆಚ್ಚು ಜನ ಒಂದು ತುತ್ತನ್ನೂ ಹೆಚ್ಚು ಉಣ್ಣದೆ ಅತಿತೂಕದವರಾದರು. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ ತಲೆದೋರುವುದರಿಂದ ನಮ್ಮ ತಜ್ಞರು 2009ರಲ್ಲಿ ಅತಿತೂಕದ ಮಿತಿಯನ್ನು 23 ಎಂದರು. ಇದಕ್ಕೆ ವೈದ್ಯಕೀಯ ಕಾರಣವಿದೆ. ತೂಕಕ್ಕೂ ರೋಗಕ್ಕೂ ಸಂಬಂಧವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ 24 ಎಂಬ ಅಂಕೆಯುಳ್ಳವರು ನ್ಯೂಯಾರ್ಕಿನಲ್ಲಿ ಸಹಜರು, ಬೆಂಗಳೂರಿನಲ್ಲಿ ಅತಿತೂಕದವರು. ಇಂತಹ ಅಂಕೆ ಪರೀಕ್ಷೆಯ ಆರಂಭವಾಗಬಲ್ಲುದೇ ಹೊರತು ಅದರ ಮುಕ್ತಾಯವಾಗಲಾರದು. ಮಂಡಿನೋವೆಂದು ಬಂದವರ ಮಂಡಿಯನ್ನು ಮುಟ್ಟಿ ನೋಡದೆ ‘ಮೊದಲು ತೂಕ ಇಳಿಸಿ’ ಎಂದು ಕಳುಹಿಸಿದರೆ, ಓದಿದ್ದು ಕೋಷ್ಟಕವನ್ನು, ರೋಗಿಯನ್ನಲ್ಲ. ಬಿ.ಎಂ.ಐ. ಒಂದನ್ನೇ ನಂಬಿ ವ್ಯಕ್ತಿಯ ಸ್ಥಿತಿಯನ್ನು ನಿರ್ಣಯಿಸಬಾರದೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞ ಆಯೋಗವೂ 2025ರಲ್ಲಿ ಹೇಳಿತು.

ಕಾನೂನು ಈ ಕಡೆ ತಿರುಗಿರುವುದು ಅಲ್ಲಲ್ಲಿ ಮಾತ್ರ. ಮಿಶಿಗನ್ ಸಂಸ್ಥಾನವು 1976ರ ಶಾಸನದಲ್ಲಿಯೇ ಎತ್ತರ-ತೂಕಗಳನ್ನು ಹೆಸರಿಸಿತು. ಪಟ್ಟಿ ಹುಟ್ಟಿದ ನ್ಯೂಯಾರ್ಕ್ ನಗರವು 2023ರಲ್ಲಿ ಉದ್ಯೋಗ, ವಸತಿ ಮುಂತಾದೆಡೆ ತೂಕದ ತಾರತಮ್ಯವನ್ನು ನಿಷೇಧಿಸಿತು. ನಮ್ಮ ಸಂವಿಧಾನದ 15ನೆಯ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳನ್ನು ಎಣಿಸುತ್ತದೆ. ತೂಕವು ಆ ಎಣಿಕೆಯಲ್ಲಿಲ್ಲ.