‘ಹಾಲೆಂಡ್ ತಟ್ಟೆ’: ವಸ್ತುವಿನ ಮೂಲ ಮತ್ತು ಜನಪದ ವ್ಯಾಖ್ಯಾನ

ವಸ್ತುಸಂಸ್ಕೃತಿಯ ಅಧ್ಯಯನದಲ್ಲಿ ‘ಮೂಲ’ಕ್ಕೆ ನಾವು ಕೊಡುತ್ತ ಬಂದಿರುವ ಪ್ರಾಶಸ್ತ್ಯವನ್ನು ಮರುಪರಿಶೀಲಿಸಬೇಕಾಗಿದೆ. ಮೈಸೂರಿನ ಅಗ್ರಹಾರದ ಮನೆಯೊಂದರಲ್ಲಿ ನವರಾತ್ರಿಯ ಪಟ್ಟದ ಗೊಂಬೆಗಳ ಹಿಂದೆ ನೀಲಿ-ಬಿಳಿ ಪಿಂಗಾಣಿ ತಟ್ಟೆಯೊಂದನ್ನು ನಿಲ್ಲಿಸುವ ರೂಢಿಯಿದೆ. ಮನೆಯ ಹಿರಿಯರು ಅದನ್ನು ‘ಹಾಲೆಂಡ್ ತಟ್ಟೆ’ ಎನ್ನುತ್ತಾರೆ. ತಳದಲ್ಲಿರುವ ಮುದ್ರೆ ಇಂಗ್ಲೆಂಡಿನದು. ಮೇಲಿನ ಚಿತ್ರ ಚೀನಾ ಶೈಲಿಯದು: ಜೋಲುಕೊಂಬೆಯ ಮರ, ಮಂಟಪ, ಸೇತುವೆಯ ಮೇಲೆ ಮೂವರು, ಆಕಾಶದಲ್ಲಿ ಎರಡು ಹಕ್ಕಿಗಳು.

ಸಂಗ್ರಾಹಕನು ಈ ಹೆಸರನ್ನು ತಪ್ಪೆಂದು ಹೊಡೆದುಹಾಕುವುದು ಸುಲಭ. ಆದರೆ ಡೆಲ್ಫ್ಟ್ ನಗರದ ಪ್ರಸಿದ್ಧ ನೀಲಿ ಪಾತ್ರೆಗಳೇ ಮೂಲವಲ್ಲ. 17ನೆಯ ಶತಮಾನದಲ್ಲಿ ಡಚ್ ಕಂಪನಿ ಚೀನಾದ ಪಿಂಗಾಣಿಯನ್ನು ಯೂರೋಪಿಗೆ ಸಾಗಿಸುತ್ತಿತ್ತು. 1644ರಲ್ಲಿ ಮಿಂಗ್ ಆಳ್ವಿಕೆ ಕುಸಿದ ಬಳಿಕ ಪೂರೈಕೆ ಕುಂದಿದಾಗ ಡೆಲ್ಫ್ಟ್‌ನ ಕುಂಬಾರರಿಗೆ ಆ ಮಾರುಕಟ್ಟೆ ತೆರೆಯಿತು. ಅವರದು ನಿಜಾರ್ಥದಲ್ಲಿ ಪಿಂಗಾಣಿಯೇ ಅಲ್ಲ. ಸಾಧಾರಣ ಜೇಡಿಮಣ್ಣಿನ ಪಾತ್ರೆಗೆ ತವರ ಬೆರೆತ ಬಿಳಿ ಮೆರುಗು ಕೊಟ್ಟು, ಕೋಬಾಲ್ಟ್ ನೀಲಿಯಲ್ಲಿ ಚಿತ್ರಿಸಿದ ಅನುಕರಣೆ. ಇಂಗ್ಲೆಂಡಿನವರು ತಮ್ಮ ನೆಲದಲ್ಲಿ ತಯಾರಾದ ಇಂಥ ಪಾತ್ರೆಗಳನ್ನೂ ಡೆಲ್ಫ್ಟ್ ಹೆಸರಿನಿಂದಲೇ ಕರೆದರು. ಐರ್ಲೆಂಡಿನಲ್ಲಂತೂ ‘ಡೆಲ್ಫ್’ ಎಂದರೆ ಮನೆಯ ಯಾವುದೇ ಪಿಂಗಾಣಿ. ಊರಿನ ಹೆಸರು ಜಾತಿವಾಚಕವಾಗುವ ಈ ಕ್ರಿಯೆ ಅಲ್ಲಿ ಭಾಷಾಚರಿತ್ರೆಯಾದರೆ ಇಲ್ಲಿ ಮಾತ್ರ ಅಜ್ಞಾನವೇ?

(ಡಚ್ಚರು ಕನ್ನಡ ನಾಡಿಗೆ ಅಪರಿಚಿತರೇನಲ್ಲ. ಬಸರೂರಿನಲ್ಲಿ ಅವರ ಕೋಠಿಯಿತ್ತು. 1789ರಲ್ಲಿ ಅವರು ತಿರುವಾಂಕೂರಿಗೆ ಮಾರಿದ ಕೊಡುಂಗಲ್ಲೂರು ಕೋಟೆ ಟಿಪ್ಪುವಿನ ಮೂರನೆಯ ಯುದ್ಧಕ್ಕೆ ಒಂದು ಕಾರಣವಾಯಿತು. ಈ ತಟ್ಟೆಗೂ ಆ ಚರಿತ್ರೆಗೂ ನಂಟು ಹೊಸೆಯುವುದು ಮಾತ್ರ ಅತಿಯಾದೀತು.)

ಹೆಚ್ಚು ಮಹತ್ವದ್ದು ಸೇತುವೆಯ ಮೇಲಿನ ಮೂವರ ಪ್ರಶ್ನೆ. ಆ ಮನೆಯ ಹೆಂಗಸರಿಗೆ ಅವರು ವನವಾಸಕ್ಕೆ ಹೊರಟ ರಾಮ, ಸೀತೆ, ಲಕ್ಷ್ಮಣರು. ಗೊಂಬೆ ನೋಡಲು ಬಂದ ಮಕ್ಕಳಿಗೆ ಹಾಗೆಂದೇ ಕಥೆ ಹೇಳುತ್ತಾರೆ. ಪಾಶ್ಚಾತ್ಯ ಕೈಪಿಡಿಗಳು ಹೇಳುವ ಕಥೆ ಬೇರೆ: ಓಡಿಹೋಗುವ ಪ್ರೇಮಿಗಳು, ಬೆನ್ನಟ್ಟುವ ತಂದೆ, ಕೊನೆಗೆ ಹಕ್ಕಿಗಳಾಗುವ ಪ್ರೇಮಿಗಳು. ಅದನ್ನು ಚೀನಾದ ಪ್ರಾಚೀನ ಐತಿಹ್ಯವೆಂದು ನಂಬಿದವರು ನಮ್ಮಲ್ಲೂ ಇದ್ದಾರೆ. ವಾಸ್ತವವಾಗಿ ಈ ವಿನ್ಯಾಸ 18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು. ಕಥೆಯನ್ನು ಆಮೇಲೆ ಅಲ್ಲಿಯೇ ಕಟ್ಟಲಾಯಿತು. ಚಿತ್ರ ಮೊದಲು, ಕಥೆ ಅನಂತರ ಎಂಬ ಕ್ರಮ ಎರಡು ಕಡೆಯೂ ಒಂದೇ. ಹೀಗಿರುವಾಗ ಒಂದನ್ನು ‘ಐತಿಹ್ಯ’ವೆಂದು ಮುದ್ರಿಸಿ ಇನ್ನೊಂದನ್ನು ಕ್ಷೇತ್ರಕಾರ್ಯದ ಟಿಪ್ಪಣಿಯಿಂದಲೂ ಕೈಬಿಡುವುದು ಶಾಸ್ತ್ರೀಯತೆಯಲ್ಲ.

ಈ ತಟ್ಟೆಯಲ್ಲಿ ಎಂದೂ ಊಟ ಬಡಿಸಿಲ್ಲವೆಂಬುದನ್ನೂ ದಾಖಲಿಸಬೇಕು. ಡಚ್ ಮನೆಗಳಲ್ಲಿಯೂ ಡೆಲ್ಫ್ಟ್ ತಟ್ಟೆಗಳನ್ನು ಗೋಡೆಗೆ ತೂಗುಹಾಕಿ ನೋಡುತ್ತಿದ್ದುದುಂಟು. ಇಲ್ಲಿ ಅದು ವರ್ಷವಿಡೀ ಹಳೆಯ ಸೀರೆಯಲ್ಲಿ ಸುತ್ತಿಟ್ಟು, ಪಾಡ್ಯದಂದು ಗೊಂಬೆಗಳೊಡನೆ ಪೆಟ್ಟಿಗೆಯಿಂದ ಹೊರಬರುತ್ತದೆ.