ಸಾಲು ಖಾಲಿಯಾದಾಗ ಏನು ನೋಡಬೇಕು

ಬ್ಯಾಸ್ಕೆಟ್‌ಬಾಲ್ ನೋಡಲು ಹೊಸದಾಗಿ ಕೂತವರು ಫ್ರೀ ಥ್ರೋ ಬಂತೆಂದರೆ ಎದ್ದು ಕಾಫಿಗೆ ಹೊರಡುತ್ತಾರೆ. ಓಟ ನಿಂತಿದೆ, ಗಡಿಯಾರ ನಿಂತಿದೆ, ಒಬ್ಬ ಗೆರೆಯ ಹಿಂದೆ ನಿಂತು ಚೆಂಡು ಎಸೆಯುತ್ತಾನೆ, ಇದರಲ್ಲಿ ನೋಡುವುದೇನಿದೆ ಎಂಬ ಭಾವನೆ. ನನ್ನನ್ನು ಕೇಳಿದರೆ ಆಟ ಕಲಿಯಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಹತ್ತೂ ಜನ ಓಡುತ್ತಿರುವಾಗ ಹೊಸ ಕಣ್ಣಿಗೆ ಏನೂ ಸಿಕ್ಕುವುದಿಲ್ಲ. ಫ್ರೀ ಥ್ರೋ ಹೊತ್ತಿನಲ್ಲಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಂತಿರುತ್ತಾರೆ. ನಡೆದ ತಪ್ಪು ಎಂಥದು, ಮುಂದೆ ಏನಾಗಬಹುದು ಎಂಬುದನ್ನು ಆ ಜಾಗಗಳೇ ತಿಳಿಸುತ್ತವೆ. ಆದ್ದರಿಂದ ಮೊದಲು ಎಸೆಯುವವನನ್ನು ಬಿಟ್ಟು ಬುಟ್ಟಿಯ ಮುಂದಿನ ಸಾಲನ್ನು ನೋಡಿ.

ನಮ್ಮ ದೇಶದ ಪಂದ್ಯಗಳು ನಡೆಯುವುದು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮದಂತೆ. ಫ್ರೀ ಥ್ರೋ ಗೆರೆ ಬೋರ್ಡಿನಿಂದ 4.6 ಮೀಟರ್ ದೂರ, ರಿಂಗ್ ನೆಲದಿಂದ 3.05 ಮೀಟರ್ ಎತ್ತರ. ಬಣ್ಣ ಬಳಿದ ಚೌಕದ ಎರಡು ಬದಿ ಸೇರಿ ಐದು ಜನ ಮಾತ್ರ ನಿಲ್ಲಬಹುದು: ಎದುರಾಳಿಗಳು ಮೂವರು, ಎಸೆಯುವವನ ಕಡೆಯವರು ಇಬ್ಬರು. ಬುಟ್ಟಿಗೆ ಅತಿ ಹತ್ತಿರದ ಎರಡು ಜಾಗ ಎದುರಾಳಿಗಳ ಪಾಲು. ಉಳಿದವರು ಮೂರು ಪಾಯಿಂಟ್ ಗೆರೆಯ ಆಚೆ ಇರಬೇಕು. ಚೆಂಡು ಎಸೆಯುವವನ ಕೈ ಬಿಡುವ ತನಕ ಸಾಲಿನಲ್ಲಿದ್ದವರು ಒಳಗೆ ಕಾಲಿಡುವಂತಿಲ್ಲ.

ಎರಡು ಎಸೆತ ಸಿಕ್ಕಿದ್ದರೆ ಮೊದಲನೆಯದಕ್ಕೆ ಈ ಐವರೂ ಸುಮ್ಮನೆ ನಿಂತಿರುತ್ತಾರೆ. ಒಬ್ಬ ಜರ್ಸಿ ಸರಿಮಾಡಿಕೊಳ್ಳುತ್ತಾನೆ, ಇನ್ನೊಬ್ಬ ಶೂ ತಳ ಒರೆಸಿಕೊಳ್ಳುತ್ತಾನೆ. ಅದು ತಪ್ಪಿದರೂ ಚೆಂಡು ಆಟಕ್ಕೆ ಬರುವುದಿಲ್ಲವಲ್ಲ. ಕೊನೆಯ ಎಸೆತಕ್ಕೆ ನೋಡಿ, ಎಲ್ಲರ ಮೈಯೂ ಬದಲಾಗಿರುತ್ತದೆ. ಮೊಣಕಾಲು ಬಾಗುತ್ತದೆ, ಕೈ ಎದೆಮಟ್ಟಕ್ಕೆ ಏರುತ್ತದೆ. ಒಳಗಿನ ಜಾಗದವನು ಪಕ್ಕದ ಎದುರಾಳಿಯ ಮುಂದೆ ಕಾಲು ಹಾಕಿ ಅವನನ್ನು ಬೆನ್ನಿನಿಂದ ತಡೆಯಬೇಕು. ಹೊರಗಿನವನು ಆ ಕಾಲು ಬೀಳುವ ಮೊದಲೇ ಸಂದಿಯಲ್ಲಿ ನುಗ್ಗಬೇಕು. ಇಬ್ಬರ ಕಣ್ಣೂ ಎಸೆಯುವವನ ಬೆರಳ ಮೇಲೆ. ರೀಬೌಂಡ್, ಎಂದರೆ ತಪ್ಪಿ ಪುಟಿದ ಚೆಂಡು, ಯಾರದ್ದು ಎಂಬುದು ಅರ್ಧಕ್ಕರ್ಧ ಇಲ್ಲೇ ತೀರ್ಮಾನವಾಗುತ್ತದೆ. ಎದುರಾಳಿ ಅವಸರಪಟ್ಟು ಮೊದಲೇ ಒಳಗೆ ಬಂದ ಎನ್ನೋಣ: ಚೆಂಡು ಬುಟ್ಟಿಗೆ ಬಿದ್ದರೆ ಪಾಯಿಂಟ್ ಸಿಗುತ್ತದೆ, ಬೀಳದಿದ್ದರೆ ಮತ್ತೊಮ್ಮೆ ಎಸೆಯುವ ಅವಕಾಶ ಸಿಗುತ್ತದೆ. ಎಸೆಯುವವನ ಜೊತೆಗಾರನೇ ಅವಸರಪಟ್ಟು ಚೆಂಡೂ ತಪ್ಪಿದರೆ ಅದು ಎದುರಾಳಿಗಳ ಕೈಗೆ.

ಎಸೆಯುವವನಿಗೂ ಕಟ್ಟುಪಾಡುಗಳಿವೆ. ರೆಫರಿ ಚೆಂಡು ಕೊಟ್ಟ ಮೇಲೆ ಫಿಬಾದಲ್ಲಿ ಐದು ಸೆಕೆಂಡ್, ಅಮೆರಿಕದ ಎನ್‌ಬಿಎಯಲ್ಲಿ ಹತ್ತು. ಎಸೆಯುವ ನಟನೆ ಮಾಡಿ ಸಾಲಿನವರನ್ನು ಮೋಸಗೊಳಿಸುವಂತಿಲ್ಲ. ಈ ಸೆಕೆಂಡುಗಳು ಎಷ್ಟು ಭಾರ ಎಂಬುದು 2021ರ ಎನ್‌ಬಿಎ ಪ್ಲೇಆಫ್‌ನಲ್ಲಿ ಗೊತ್ತಾಯಿತು. ಮಿಲ್‌ವಾಕಿ ಬಕ್ಸ್ ತಂಡದ ಯಾನಿಸ್ ಅಂಟೆಟೊಕೌಂಪೊ ಗೆರೆಯಲ್ಲಿ ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರು, ಎಸೆತಗಳೂ ತಪ್ಪುತ್ತಿದ್ದವು. ಎದುರಾಳಿ ಊರುಗಳ ಪ್ರೇಕ್ಷಕರು ಒಂದು, ಎರಡು ಎಂದು ಜೋರಾಗಿ ಎಣಿಸತೊಡಗಿದರು. ಅದೇ ಯಾನಿಸ್ ಜುಲೈ 20ರಂದು, ಪ್ರಶಸ್ತಿ ನಿರ್ಧಾರವಾದ ಫೈನಲ್ಸ್ ಆರನೇ ಪಂದ್ಯದಲ್ಲಿ, 19 ಫ್ರೀ ಥ್ರೋಗಳಲ್ಲಿ 17 ಹಾಕಿ ಒಟ್ಟು 50 ಪಾಯಿಂಟ್ ಗಳಿಸಿದರು. 1971ರ ನಂತರ ಆ ತಂಡಕ್ಕೆ ಸಿಕ್ಕ ಮೊದಲ ಪ್ರಶಸ್ತಿ ಅದು.

ಈಗ ಖಾಲಿ ಸಾಲಿನ ವಿಚಾರ. ರೆಫರಿ ಒಂದು ಅಂಗೈಯ ಮೇಲೆ ಇನ್ನೊಂದನ್ನು ಅಡ್ಡ ಇಟ್ಟು ಇಂಗ್ಲಿಷಿನ ಟಿ ಅಕ್ಷರ ತೋರಿಸಿದರೆ ಅದು ಟೆಕ್ನಿಕಲ್ ಫೌಲ್. ಮೈಗೆ ಮೈ ತಾಗಿದ್ದಕ್ಕೆ ಇದನ್ನು ಕೊಡುವುದಿಲ್ಲ. ರೆಫರಿಗೆ ಅಗೌರವ ತೋರಿದರೆ, ಫೌಲ್ ಆದಂತೆ ಸುಳ್ಳೇ ಬಿದ್ದರೆ, ಎದುರಾಳಿ ಬೇಗ ಆಟ ಶುರುಮಾಡದಂತೆ ಚೆಂಡನ್ನು ತಡೆದರೆ, ಬೆಂಚಿನಿಂದ ಕೂಗಾಡಿದರೆ ಇದು ಬರುತ್ತದೆ. ಫಿಬಾದಲ್ಲಿ ಇದಕ್ಕೆ ಒಂದೇ ಫ್ರೀ ಥ್ರೋ. ಆಮೇಲೆ, ಆಟ ನಿಂತಾಗ ಚೆಂಡು ಯಾರ ಬಳಿ ಇತ್ತೋ ಅವರಿಗೇ ಮರಳುತ್ತದೆ. ಎಂದರೆ ಎಸೆತ ಬಿದ್ದರೂ ತಪ್ಪಿದರೂ ಮುಂದಿನ ಚೆಂಡು ಯಾರದ್ದೆಂದು ಮೊದಲೇ ಗೊತ್ತು. ರೀಬೌಂಡಿಗೆ ಕಾದಾಡುವುದು ಏನೂ ಇಲ್ಲ. ಅದಕ್ಕೇ ಸಾಲಿನಲ್ಲಿ ಒಬ್ಬರೂ ನಿಲ್ಲುವುದಿಲ್ಲ, ಎಸೆಯುವವನು ಒಬ್ಬನೇ.

ಆ ಒಬ್ಬ ಯಾರು? ಕೋಚ್ ಆರಿಸಿದವನು. ನನಗೆ ಬಹಳ ಇಷ್ಟವಾದ ಸಂಗತಿ ಇದು. ಮಾಮೂಲಿ ಫೌಲಿನಲ್ಲಿ ಪೆಟ್ಟು ತಿಂದವನೇ ಎಸೆಯಬೇಕು. ಹಿಂದೆ ಹಾಗಿರಲಿಲ್ಲ. 1920ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ತಂಡಕ್ಕೊಬ್ಬ ಫ್ರೀ ಥ್ರೋ ಪರಿಣತನಿರುತ್ತಿದ್ದ, ಯಾರಿಗೆ ಫೌಲ್ ಆದರೂ ಗೆರೆಗೆ ಬರುತ್ತಿದ್ದವನು ಅವನೇ. ಆ ಪದ್ಧತಿ ಹೋಯಿತು, ಟೆಕ್ನಿಕಲ್ ಫೌಲಿನಲ್ಲಿ ಮಾತ್ರ ಅದರ ಎಳೆ ಉಳಿದಿದೆ. ಕೋಚ್ ಯಾರ ಕಡೆ ಕೈ ತೋರುತ್ತಾರೆ ಎಂದು ಗಮನಿಸಿ. ತಂಡದಲ್ಲಿ ಯಾರ ಕೈ ಮೇಲೆ ನಂಬಿಕೆ ಇದೆ ಎಂಬುದು ಅಂಕಿಪಟ್ಟಿ ನೋಡದೆಯೇ ತಿಳಿಯುತ್ತದೆ.

ತುಂಬಿದ ಸಾಲು, ಖಾಲಿ ಸಾಲು ಎರಡನ್ನೂ ಒಂದೇ ಪಂದ್ಯದಲ್ಲಿ ನೋಡಬೇಕೆಂದರೆ 1993ರ ಏಪ್ರಿಲ್ 5ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಅಮೆರಿಕದ ಕಾಲೇಜು ಫೈನಲ್ಲಿನ ವಿಡಿಯೊ ಹುಡುಕಿ. ಮಿಷಿಗನ್ ಮತ್ತು ನಾರ್ತ್ ಕ್ಯಾರೊಲೈನ ನಡುವಣ ಪಂದ್ಯ. ಆಟ ಮುಗಿಯಲು ಸುಮಾರು ಇಪ್ಪತ್ತು ಸೆಕೆಂಡ್ ಇರುವಾಗ ನಾರ್ತ್ ಕ್ಯಾರೊಲೈನದ ಪ್ಯಾಟ್ ಸಲಿವನ್ ಮೊದಲ ಫ್ರೀ ಥ್ರೋ ಹಾಕಿ ಎರಡನೆಯದನ್ನು ತಪ್ಪಿಸಿದರು. ಅವರ ತಂಡ 73-71ರಿಂದ ಮುಂದಿತ್ತು. ರೀಬೌಂಡ್ ಹಿಡಿದವರು ಮಿಷಿಗನ್ನಿನ ಕ್ರಿಸ್ ವೆಬರ್. ಚೆಂಡನ್ನು ತಾವೇ ಮುಂದಕ್ಕೆ ತಂದು, ತಮ್ಮದೇ ಬೆಂಚಿನ ಎದುರು, ಅಂಕಣದ ಮೂಲೆಯಲ್ಲಿ ಇಬ್ಬರ ನಡುವೆ ಸಿಕ್ಕಿಬಿದ್ದರು. ಹನ್ನೊಂದು ಸೆಕೆಂಡ್ ಉಳಿದಿತ್ತು. ವೆಬರ್ ಟೈಮ್‌ಔಟ್ ಕೇಳಿದರು. ತಂಡದ ಬಳಿ ಒಂದೂ ಟೈಮ್‌ಔಟ್ ಉಳಿದಿರಲಿಲ್ಲ. ಇಲ್ಲದ್ದನ್ನು ಕೇಳಿದ್ದಕ್ಕೆ ಟೆಕ್ನಿಕಲ್ ಫೌಲ್: ಆಗಿನ ಕಾಲೇಜು ನಿಯಮದಂತೆ ಎರಡು ಎಸೆತ, ಜೊತೆಗೆ ಚೆಂಡೂ ಎದುರಾಳಿಗೆ. ಡೊನಾಲ್ಡ್ ವಿಲಿಯಮ್ಸ್ ಎರಡನ್ನೂ ಹಾಕಿದರು. ಮಿಷಿಗನ್ ಮತ್ತೆ ಫೌಲ್ ಮಾಡಬೇಕಾಗಿ ಬಂತು, ವಿಲಿಯಮ್ಸ್ ಅವರೇ ಇನ್ನೆರಡು ಹಾಕಿದರು. ಪಂದ್ಯ 77-71ಕ್ಕೆ ಮುಗಿಯಿತು.

ಸಲಿವನ್ ತಪ್ಪಿಸಿದ ಎಸೆತ ಮಿಷಿಗನ್ನಿಗೆ ಗೆಲ್ಲುವ ದಾರಿ ತೆರೆಯಿತು, ಏಕೆಂದರೆ ಸಾಲಿನಲ್ಲಿ ಜನರಿದ್ದರು. ವಿಲಿಯಮ್ಸ್ ಅವರ ಟೆಕ್ನಿಕಲ್ ಎಸೆತ ತಪ್ಪಿದ್ದರೂ ಚೆಂಡು ಮಿಷಿಗನ್ನಿಗೆ ಬರುತ್ತಿರಲಿಲ್ಲ. ಇಪ್ಪತ್ತು ವರ್ಷದ ಹುಡುಗನ ಗೊಂದಲಕ್ಕೆ ಅದು ಅತಿ ದೊಡ್ಡ ದಂಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಫಿಬಾದ ಈಗಿನ ಒಂದು ಎಸೆತದ ನಿಯಮವೇ ನ್ಯಾಯವಾದದ್ದು. ಅಲ್ಲಿ ಆಟಗಾರ ಟೈಮ್‌ಔಟ್ ಕೇಳುವಂತೆಯೂ ಇಲ್ಲ, ಕೋಚ್ ಕಡೆಯವರು ಸ್ಕೋರರ್ ಮೇಜಿಗೆ ಹೇಳಬೇಕು. ಹಾಗೆಂದು ಫಿಬಾ ಸಡಿಲವೇನಲ್ಲ: ಟೆಕ್ನಿಕಲ್ ಫೌಲ್ ಆಟಗಾರನ ಐದು ಫೌಲ್‌ಗಳ ಲೆಕ್ಕಕ್ಕೂ ಸೇರುತ್ತದೆ, ಎರಡನೆಯದು ಬಿದ್ದರೆ ಅವನು ಹೊರಗೆ.

ಟಿವಿಯಲ್ಲಿ ಕ್ಯಾಮೆರಾ ಎಸೆಯುವವನ ಮುಖ ಬಿಟ್ಟು ಕದಲುವುದಿಲ್ಲ, ಸಾಲು ಕಾಣುವುದು ಕಡಿಮೆ. ಆದ್ದರಿಂದ ಹತ್ತಿರದ ಅಂಕಣಕ್ಕೆ ಹೋಗಿ. 2017ರ ಮಹಿಳಾ ಏಷ್ಯಾ ಕಪ್ ನಡೆದ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣವಾದರೂ ಸರಿ, ನಿಮ್ಮೂರಿನ ಕಾಲೇಜು ಟೂರ್ನಿಯಾದರೂ ಸರಿ. ಬುಟ್ಟಿಯ ಹಿಂದೆ, ಒಂದು ಪಕ್ಕಕ್ಕೆ, ನಾಲ್ಕೈದು ಮೆಟ್ಟಿಲು ಮೇಲೆ ಕುಳಿತರೆ ಐವರ ಕಾಲುಗಳೂ ಒಟ್ಟಿಗೆ ಕಾಣುತ್ತವೆ. ಕಾಫಿಗೆ ಕ್ವಾರ್ಟರ್ ಮುಗಿದ ಮೇಲೆ ಹೋಗಿ.