‘ಪಥೇರ್ ಪಾಂಚಾಲಿ’: ದುರ್ಗೆ ಕಾಣದ ರೈಲು

ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ (1929) ಕಾದಂಬರಿಯನ್ನು ನೆಚ್ಚಿಕೊಂಡ ನಾವು, ಸತ್ಯಜಿತ್ ರಾಯ್ ಅವರ ಚಿತ್ರವನ್ನು (1955) ಕೋಲ್ಕತ್ತದ ಬಂಗಾಳಿ ಸಹೃದಯರ ನಡುವೆ ಕುಳಿತು ನೋಡುವಾಗ ಅರಸಿದ್ದು ಒಂದು ರೈಲನ್ನು. ಕಾದಂಬರಿಯ ದುರ್ಗೆ ರೈಲನ್ನು ಕಾಣದೆಯೇ ಸಾಯುತ್ತಾಳೆ; ಊರು ಬಿಟ್ಟು ರೈಲು ಹತ್ತಿದ ಅಪುವಿಗೆ ಅಕ್ಕನ ಆ ಬಯಕೆ ನೆನಪಾಗುತ್ತದೆ. ಚಿತ್ರದಲ್ಲಾದರೋ ಕಾಶಹುಲ್ಲಿನ ಬಿಳಿಹೂಗಳ ನಡುವೆ ಇಬ್ಬರೂ ರೈಲಿನತ್ತ ಓಡುತ್ತಾರೆ. ಕೊನೆಗೆ ಕುಟುಂಬ ಊರು ಬಿಡುವುದು ಎತ್ತಿನ ಗಾಡಿಯಲ್ಲಿ. ಮೂಲದಲ್ಲಿ ಆರಂಭದಲ್ಲೇ ತೀರಿಹೋಗುವ ಮುದುಕಿ ಇಂದಿರ್ ಠಾಕ್ರುಣ್ ಇಲ್ಲಿ ಆ ದಿನದವರೆಗೂ ಬದುಕಿರುತ್ತಾಳೆ. ರೈಲಿನ ಹರ್ಷದಲ್ಲಿ ಹಿಂದಿರುಗುವ ಮಕ್ಕಳು ಬಿದಿರುಮೆಳೆಯಲ್ಲಿ ಅವಳ ಸಾವನ್ನು ಎದುರುಗೊಳ್ಳುತ್ತಾರೆ. ಈ ಸಂಯೋಜನೆ ಅಪೂರ್ವವೇ ಸರಿ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮೀಸಲಾಗಿಸಿದ ಪಂಪನನ್ನು ಒಪ್ಪಿದ ನಾವು ರಾಯ್ ಅವರ ಸ್ವಾತಂತ್ರ್ಯವನ್ನು ಅಲ್ಲಗಳೆಯಲಾರೆವು. ಆದರೂ ಅಪುವಿನ ಆ ರೈಲುಪ್ರಯಾಣದ ಶೋಕಕ್ಕೆ ಚಿತ್ರದಲ್ಲಿ ನೆಲೆಯಿಲ್ಲ. ಆ ನಷ್ಟವನ್ನು ಕಾಶಹೂಗಳು ತುಂಬಿಕೊಡುವುದಿಲ್ಲ.